ಮೆಟ್ಟಿಲು, ಗ್ಯಾಸು, ಆಂಟೆನಾ, ನಾಯಿ

ಗಿಲ್ಗಂಡ್ರ ಊರಿನ ಮೈದಾನದ ಗೇಟಿನಲ್ಲಿ ಕೂತಿದ್ದ ಹೆಂಗಸು ಎದೆಗೆ ಚುಚ್ಚಿಕೊಳ್ಳಲು ಹೊಸ ಬಿಲ್ಲೆ ಕೊಟ್ಟಳು. ಗಾಡಿಯಲ್ಲೇ ಮನೆ ಮಾಡಿಕೊಂಡು ಊರೂರು ಸುತ್ತುವ ನಮ್ಮಂಥ ಮನೆಗಾಡಿಯವರ ಕೂಟದಲ್ಲಿ ಪ್ರತಿ ವರ್ಷ ನಮ್ಮ ಬಿಲ್ಲೆಯ ಮೇಲೆ ಮೂರು ಹೆಸರಿರುತ್ತಿದ್ದವು: ಆಲ್ವಿನ್, ನೆರಿಡಾ, ಸ್ಪ್ಯಾನರ್. ಈ ಸಲ ಎರಡೇ.

"ಬೇಜಾರ್ ಮಾಡ್ಕೋಬೇಡಮ್ಮಾ," ಎಂದಳು.

ಬೇಜಾರು ಮಾಡಿಕೊಳ್ಳಲು ಬಂದರೆ ತಾನೆ? ನನ್ನ ಗಂಡ ಆಲ್ವಿನ್ ತೀರಿಹೋದದ್ದು ಏಪ್ರಿಲ್‌ನಲ್ಲಿ. ಈಗ ಆಗಸ್ಟ್. ಇಷ್ಟರಲ್ಲಿ ಒಂದು ಹನಿ ಕಣ್ಣೀರು ಬಂದಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದಾಗ ದವಡೆ ಹೇಗೆ ಇದ್ದೂ ಇಲ್ಲದಂತಾಗುತ್ತದೋ, ನಾನು ಇಡಿಯಾಗಿ ಹಾಗಿದ್ದೆ. ಜನ ತಬ್ಬಿಕೊಂಡರೆ ತಬ್ಬಿಸಿಕೊಳ್ಳುತ್ತಿದ್ದೆ. ತಿನ್ನಲು ಕೊಟ್ಟರೆ ತಿನ್ನುತ್ತಿದ್ದೆ.

ಸ್ಪ್ಯಾನರ್ ನಮ್ಮ ನಾಯಿ. ಕುರಿ ಕಾಯುವ ಜಾತಿ, ಕೆಂಚು ಮೈ, ವಯಸ್ಸಾಗಿ ಮೂತಿ ಬೆಳ್ಳಗಾಗಿದೆ. ಅವನನ್ನು ಗ್ವೆಂಡಾಳ ಕೈಗೊಪ್ಪಿಸಿ ಬರಿಗೈಯಲ್ಲಿ ವಾಪಸಾಗಲೆಂದೇ ನಾನು ಈ ಸಲ ಬಂದದ್ದು.

ಗ್ವೆಂಡಾ ಮತ್ತು ಅವಳ ಗಂಡ ಟ್ರೆವರ್ ಯಾವ ಕೂಟಕ್ಕೆ ಹೋದರೂ ನಮ್ಮ ಪಕ್ಕದಲ್ಲೇ ಗಾಡಿ ಹಾಕುತ್ತಿದ್ದವರು. ನಾನು ಗಾಡಿ ಹಿಂದಕ್ಕೆ ತೆಗೆಯುವಾಗ ಟ್ರೆವರ್ ಹಿಂದೆ ನಿಂತು ಕೈ ಬೀಸಿದ.

"ಬಾ, ಬಾ, ಇನ್ನೂ ಬಾ... ಏಯ್ ನಿಲ್ಸೇ ಮಾರಾಯ್ತಿ, ನನ್ ಕಾಲು!"

"ನಿನ್ ಕಾಲಿಗೇನಾಗಿದೆ, ಎತ್ಕೋ ಆ ಕಡೆ," ಎಂದೆ.

"ಅಬ್ಬಾ, ಬಾಯಿ ಇನ್ನೂ ಹಾಗೇ ಇದೆ," ಎಂದು ನಕ್ಕ. ಬಾಯಿ ತನ್ನ ಪಾಡಿಗೆ ಆಡುತ್ತಿತ್ತು. ನಾನು ಅದರ ಹಿಂದೆ ಇರಲಿಲ್ಲ.

ನಾಯಿಯ ಕಥೆ ಹೇಳಬೇಕು. ಆಲ್ವಿನ್ ಹೋದ ಮೇಲೆ ಸ್ಪ್ಯಾನರ್ ಗಾಡಿ ಹತ್ತುವುದನ್ನೇ ಬಿಟ್ಟಿದ್ದ. ಪ್ರತಿ ಸಲ ಹೊರಡುವಾಗಲೂ ಬಾಗಿಲ ಬಳಿ ಕೂತು ಮೇಲಕ್ಕೆ ನೋಡುತ್ತಾನೆ. ಹತ್ತೋ ಅಂತ ಗದರಿದೆ, ಸಾಸೇಜ್ ತೋರಿಸಿದೆ, ಸರಪಳಿ ಹಿಡಿದು ಎಳೆದೆ. ಉಹ್ಞೂಂ. ಕಡೆಗೆ ನಾನೇ ಬಗ್ಗಿ ಎತ್ತಿ ಒಳಗೆ ಹಾಕಬೇಕು. ನನ್ನ ಸೊಂಟ ಬಿದ್ದುಹೋಯಿತು. ಆಲ್ವಿನ್ ಬರಲಿ ಅಂತ ಕಾಯುತ್ತಾನೆ, ನಾನು ಅವನ ಲೆಕ್ಕಕ್ಕೇ ಇಲ್ಲ ಎಂದು ತೀರ್ಮಾನಿಸಿದೆ. ನನಗೂ ಅವನನ್ನು ನೋಡಿದರೆ ಏನೂ ಅನ್ನಿಸುತ್ತಿರಲಿಲ್ಲ. ಒಂದೇ ಗಾಡಿಯಲ್ಲಿ ಹೀಗೆ ಇಬ್ಬರು ಇರುವುದು ಯಾವ ಸುಖಕ್ಕೆ?

ಶನಿವಾರ ಸಾಕುಪ್ರಾಣಿಗಳ ಮೆರವಣಿಗೆ. ಗ್ವೆಂಡಾ ತನ್ನ ಬೆಕ್ಕು ಡಚೆಸ್‌ಗೆ ಲೇಸಿನ ಟೋಪಿ ಕಟ್ಟಿದ್ದಳು. ಡಬ್ಬೋ ಕಡೆಯವರೊಬ್ಬರು ಕೋಳಿಗೆ ಟೈ ಹಾಕಿ ತಂದಿದ್ದರು. ಸ್ಪ್ಯಾನರ್‌ಗೆ ಹಳದಿ ಮಳೆಕೋಟು ತೊಡಿಸಿದ್ದು ಗ್ವೆಂಡಾನೇ. ಹೋದ ವರ್ಷ ಅದೇ ಕೋಟಿನಲ್ಲಿ ಅವನಿಗೆ ಬಹುಮಾನ ಬಂದಿತ್ತು. ಈ ಸಲ ಮೈದಾನದ ನಡುವೆ ಕೂತವನು ಏಳಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಕೋಳಿ ಗೆದ್ದಿತು.

ಸಂಜೆ ಎಲ್ಲರೂ ತಂತಮ್ಮ ಕುರ್ಚಿ, ತಂತಮ್ಮ ಗ್ಲಾಸು ಹಿಡಿದು ಬಂದು ದುಂಡಗೆ ಕೂತರು. ಯಾರೋ ಲ್ಯಾಮಿಂಗ್ಟನ್ ಕೇಕು ಕೊಟ್ಟರು. ಪಾತ್ರೆ ತಿಕ್ಕುವ ಸ್ಪಂಜಿಗೆ ಕೊಬ್ಬರಿ ಉದುರಿಸಿದ ಹಾಗಿತ್ತು. ತಿಂದೆ.

ಗ್ವೆಂಡಾ ಕುರ್ಚಿ ಹತ್ತಿರ ಎಳೆದುಕೊಂಡಳು. "ನಿಜ ಹೇಳೇ ನೆರೀ. ಸ್ಪ್ಯಾನರ್‌ನ ಬಿಟ್ಟು ಇರ್ತೀಯಾ?"

"ಇರ್ತೀನಿ."

"ಸಂಕಟ ಆಗಲ್ವಾ?"

"ಆಗಿದ್ರೆ ಕೊಡ್ತಿರ್ಲಿಲ್ಲ ಕಣೇ. ಏನೂ ಆಗ್ತಿಲ್ಲ ನಂಗೆ, ಅದಕ್ಕೇ ಕೊಡ್ತಿರೋದು. ಮುದ್ದು ಮಾಡೋರ ಹತ್ರ ಇರ್ಲಿ ಪಾಪ."

"ಆಮೇಲೆ ವಾಪಸ್ ಕೊಡು ಅಂದ್ರೆ ಕೊಡಲ್ಲ ನೋಡು. ಮುದಿನಾಯಿ ಅದು. ಸಲಸಲಕ್ಕೂ ಜನ ಬದಲಾದ್ರೆ ತಡ್ಕೊಳಲ್ಲ."

"ಕೇಳಲ್ಲ ಮಾರಾಯ್ತಿ, ಬೇಕಾದ್ರೆ ಆಣೆ ಇಡ್ಲಾ?"

ಟ್ರೆವರ್ ಬಿಯರಿನ ಡಬ್ಬಿ ಖಾಲಿ ಮಾಡಿ ಇನ್ನೊಂದು ತೆರೆದ.

ನಮ್ಮಲ್ಲಿ ಹೊರಡುವ ಮುಂಚೆ ಎಲ್ಲ ಸರಿಯಿದೆಯೇ ಎಂದು ಒಂದೊಂದನ್ನೇ ಕೂಗಿ ಕೇಳುವ ಪದ್ಧತಿಯಿದೆ. ಕೇಳದೆ ಹೊರಟವರಿಗೆ ಏನಾಗಿದೆ ಎಂದು ಎಲ್ಲರೂ ನೋಡಿದ್ದೇವೆ. ಮೆಟ್ಟಿಲು ಒಳಗೆಳೆಯದೆ ಗೇಟಿನ ಕಂಬಕ್ಕೆ ಬಡಿದವರಿದ್ದಾರೆ, ಆಂಟೆನಾ ಮರಕ್ಕೆ ಕೊಟ್ಟುಹೋದವರಿದ್ದಾರೆ. ನಾವಂತೂ ಒಮ್ಮೆ ಕೂನಬಾರಬ್ರನ್ ಪೆಟ್ರೋಲ್ ಬಂಕಿನಲ್ಲಿ ಮರಿ ಸ್ಪ್ಯಾನರ್‌ನನ್ನು ಬಿಟ್ಟು ಬಂದು, ಅರ್ಧ ದಾರಿಯಲ್ಲಿ ತಿರುಗಿ ಓಡಿದ್ದೆವು. ಅವತ್ತಿನಿಂದ ಆಲ್ವಿನ್ ಸ್ಟಿಯರಿಂಗ್ ಮುಂದೆ ಕೂತು ಊರಿಗೇ ಕೇಳುವ ಹಾಗೆ ಕೂಗುತ್ತಿದ್ದ. ನಾನು ಗಾಡಿ ಸುತ್ತಿ ಉತ್ತರ ಕೊಡುತ್ತಿದ್ದೆ. ನಾಯಿಯ ಸರದಿ ಬಂದಾಗ ನಾಯಿಯೇ ಒಮ್ಮೆ ಬೊಗಳಿ ಒಳಗೆ ಹಾರುತ್ತಿತ್ತು. ಕಡೆಗೆ ನನ್ನ ಹೆಸರು. ನಾನು ಹತ್ತಿದ ಮೇಲೆ ಹಾರ್ನ್ ಹೊಡೆದು, ಎಲ್ಲರೂ ಕೈ ಬೀಸಿ, ಹೊರಡುತ್ತಿದ್ದೆವು. ಈಗ ಒಬ್ಬಳೇ. ನನಗೆ ನಾನೇ ಕೂಗಿಕೊಂಡು ನಾನೇ ಓಗೊಡಲು ಹುಚ್ಚೇ? ಸದ್ದಿಲ್ಲದೆ ಸುತ್ತಿ, ಎಲ್ಲ ನೋಡಿ, ಹತ್ತಿ ಕೂರುತ್ತಿದ್ದೆ.

ಭಾನುವಾರ ಬೆಳಿಗ್ಗೆ ಸ್ಪ್ಯಾನರ್‌ನ ಬಟ್ಟಲು, ಕಂಬಳಿ ಎತ್ತಿಕೊಂಡು ಹೋಗಿ ಗ್ವೆಂಡಾಗೆ ಕೊಟ್ಟೆ. ಅವಳು ಅವನ ಸರಪಳಿಯನ್ನು ತನ್ನ ಮಡಚುವ ಮೇಜಿನ ಕಾಲಿಗೆ ಸಿಕ್ಕಿಸಿದಳು. ಮೇಜಿನ ಮೇಲೆ ಟೀ ಇಟ್ಟಿತ್ತು. ನಾನು ನಾಯಿಯ ತಲೆ ಸವರಿದೆ. ಕೈಗೆ ಕೂದಲು ತಾಗಿತು, ಅಷ್ಟೆ. ತಿರುಗಿ ನಡೆದೆ.

"ತಡಿ, ನೀನು ಹತ್ತು. ಸುತ್ತಲೂ ನಾನ್ ನೋಡ್ತೀನಿ," ಎಂದು ಟ್ರೆವರ್ ಹಿಂದೆಯೇ ಬಂದ. ನಾನು ಆಲ್ವಿನ್‌ನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದೆ. ಅವನು ಗಾಡಿಯ ಮೈ ತಟ್ಟಿದ. "ಹ್ಞಾಂ, ಕೂಗು!"

"ಮೆಟ್ಲು?"

"ಒಳಗೆ!"

"ಗ್ಯಾಸು?"

"ಬಂದ್!"

"ಆಂಟೆನಾ?"

"ಕೆಳಗೆ!"

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾಲಿಗೆ ರೂಢಿಯ ಮೇಲೆ ಓಡುತ್ತಿತ್ತು. "ನಾಯಿ?"



ಪಕ್ಕದಿಂದ ಒಂದೇ ಒಂದು ಸಲ ಬೊಗಳಿದ ಸದ್ದಾಯಿತು. ಅದರ ಬೆನ್ನಿಗೇ ಪಿಂಗಾಣಿ ಒಡೆಯುವ ಸದ್ದು, ಗ್ವೆಂಡಾಳ ಕಿರುಚಾಟ. "ಅಯ್ಯಯ್ಯೋ, ನನ್ ಟೇಬಲ್ಲು!"

ಕನ್ನಡಿಯಲ್ಲಿ ನೋಡಿದೆ. ಮೇಜು ಮಗುಚಿತ್ತು, ಡಚೆಸ್ ಚಪ್ಪರದ ಕಂಬ ಏರಿತ್ತು, ಸ್ಪ್ಯಾನರ್ ಸರಪಳಿ ಎಳೆದುಕೊಂಡು ಓಡಿ ಬರುತ್ತಿದ್ದ. ಟ್ರೆವರ್ ಬಾಗಿಲು ತೆಗೆದ. ಮೆಟ್ಟಿಲೂ ಇರಲಿಲ್ಲ. ಮುದಿನಾಯಿ ಒಂದೇ ನೆಗೆತಕ್ಕೆ ಒಳಗೆ ಹಾರಿ, ಎರಡು ಸೀಟುಗಳ ನಡುವಿನ ತನ್ನ ಹಳೇ ಜಾಗದಲ್ಲಿ ಕೂತು, ಇನ್ನೇಕೆ ತಡ ಎಂಬಂತೆ ರಸ್ತೆಯ ಕಡೆ ನೋಡಿತು.

ನಾಲ್ಕು ತಿಂಗಳು ಅವನು ಕಾದದ್ದು ಆ ಒಂದು ಮಾತಿಗೆ. ಕೇಳಬೇಕಾದವಳು ನಾನು. ಬಾಯಿ ಮುಚ್ಚಿಕೊಂಡು ಅವನನ್ನು ಮೂಟೆಯ ಹಾಗೆ ಎತ್ತಿ ಹಾಕುತ್ತಿದ್ದೆ, ಮೇಲೆ ಅವನಿಗೆ ನಾನು ಬೇಡ ಎಂದು ಬೇರೆ ಅಂದುಕೊಂಡಿದ್ದೆ.

ಗ್ವೆಂಡಾ ಲಂಗದ ಮೇಲೆಲ್ಲ ಹಾಲು ಚೆಲ್ಲಿಕೊಂಡು ಬಂದಳು. "ಕೊಡಲ್ಲ ಅಂತ ಬಾಯ್ಬಿಟ್ ಹೇಳಿದ್ರೆ ಆಗ್ತಿರ್ಲಿಲ್ವೇನೇ? ನನ್ ಕಪ್ಪು ಸಾಸರೆಲ್ಲ ಒಡೀಬೇಕಿತ್ತಾ?" ಎನ್ನುತ್ತಾ ಬಟ್ಟಲನ್ನೂ ಕಂಬಳಿಯನ್ನೂ ಕಿಟಕಿಯಿಂದ ನನ್ನ ಮಡಿಲಿಗೆ ತುರುಕಿದಳು. ಅವಳ ಮೂಗು ಕೆಂಪಾಗಿತ್ತು.

ಟ್ರೆವರ್ ಬಾಗಿಲು ಹಿಡಿದು ನಿಂತೇ ಇದ್ದ. ಪಕ್ಕದ ಗಾಡಿಯಲ್ಲಿ ಕೂತು ಇಷ್ಟು ವರ್ಷ ಆಲ್ವಿನ್ ಕೂಗುವುದನ್ನು ಕೇಳಿಸಿಕೊಂಡವನು.

"ಇನ್ನೊಂದ್ ಬಾಕಿ ಇದೆ," ಎಂದ. "ನೆರೀ?"

ಇದೀನಿ ಅನ್ನಲು ಹೋದೆ. ಅರ್ಧ ಬಂತು. ಉಳಿದರ್ಧಕ್ಕೆ ಏಪ್ರಿಲ್‌ನಿಂದ ತಡೆದು ನಿಂತದ್ದೆಲ್ಲ ಒಟ್ಟಿಗೆ ಬಂತು. ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಹೋ ಎಂದು ಅತ್ತೆ. ಹಣೆಯ ಭಾರಕ್ಕೆ ಹಾರ್ನ್ ಹೊಡೆದುಕೊಂಡಿತು, ನಿಲ್ಲಿಸಲು ನನಗೆ ತಲೆ ಎತ್ತಲಾಗಲಿಲ್ಲ. ನಾನು ಹೊರಟೆ ಅಂದುಕೊಂಡು ಮೈದಾನದವರೆಲ್ಲ ಎದ್ದು ನಿಂತು ಕೈ ಬೀಸಿದರು. ನಾವಿಬ್ಬರು ಹೊರಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.