ಮಾವ ಹೇಳಿ ಬಂದ ಮಾತು

ಡೇಟಾ ಸೆಂಟರಿನ ಸಂದರ್ಶನಕ್ಕೆ ಬಂದಿದ್ದ ಮೂವತ್ತೆಂಟು ಜನರಲ್ಲಿ ದಪ್ಪ ಫೈಲು ಇಲ್ಲದೆ ಕೂತಿದ್ದವಳು ಅವಳೊಬ್ಬಳೇ. ಉಳಿದವರ ತೊಡೆಯ ಮೇಲೆ ಸರ್ಟಿಫಿಕೇಟುಗಳ ಕಂತೆಗಳಿದ್ದವು. ಅವಳ ಬಳಿ ಇದ್ದದ್ದು ಎರಡು ಹಾಳೆ, ಮತ್ತೆ ಸೋದರಮಾವನ ಕೈಕೆಳಗೆ ಒಂಬತ್ತು ವರ್ಷ ಕೋಲ್ಡ್ ಸ್ಟೋರೇಜ್ ಯಂತ್ರಗಳನ್ನು ರಿಪೇರಿ ಮಾಡಿದ ಕೈಗಳು. ಗಿರಾಕಿಗಳು ಅವಳನ್ನು ತಣ್ಣಕ್ಕ ಎಂದೇ ಕರೆಯುತ್ತಿದ್ದರು.

ಒಳಗೆ ಕೂಲಿಂಗ್ ವಿಭಾಗದ ಮುಖ್ಯಸ್ಥೆ ಕೂತಿದ್ದರು. ಮಾತು ಚುಟುಕು.

"ಇಲ್ಲಿ ಸಾವಿರಾರು ಕಂಪ್ಯೂಟರ್ ಒಂದು ನಿಮಿಷವೂ ನಿಲ್ಲದೆ ಓಡ್ತಿರುತ್ವೆ. ತಂಪು ತಪ್ಪಿದ್ರೆ ನಮ್ಮ ಕಥೆ ಮುಗೀತು. ಅದಕ್ಕೇ ಎಲ್ಲರಿಗೂ ಒಂದೇ ಪ್ರಶ್ನೆ. ಕೆಲಸದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು? ಅತಿಯಾಗಿ ದುಡಿಯೋದೇ ನನ್ನ ತಪ್ಪು ಅಂತ ಮಾತ್ರ ಹೇಳಬೇಡಿ. ಬೆಳಗ್ಗೆಯಿಂದ ಹನ್ನೊಂದು ಜನ ಅದನ್ನೇ ಹೇಳಿದಾರೆ."

ತಣ್ಣಕ್ಕನಿಗೆ ನಗು ಬಂತು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮೂರು ವರ್ಷದ ಹಿಂದೆ ಒಂದು ಔಷಧ ಗೋದಾಮಿನಲ್ಲಿ ಸರ್ವಿಸ್ ಮಾಡುವಾಗ ಕಂಪ್ರೆಸರ್ ನಿಲ್ಲಿಸಿದ್ದಳು, ಅಲಾರಮ್ಮನ್ನೂ ಆಫ್ ಮಾಡಿದ್ದಳು. ಕೆಲಸ ಮುಗಿದ ಮೇಲೆ ಎರಡನ್ನೂ ಮತ್ತೆ ಚಾಲೂ ಮಾಡದೆ ಬಾಗಿಲು ಹಾಕಿಕೊಂಡು ಬಂದುಬಿಟ್ಟಳು. ಮಾರನೆ ಬೆಳಗ್ಗೆ ಹಲ್ಲುಜ್ಜುವಾಗ ನೆನಪಾಯಿತು. ಓಡಿ ಹೋಗಿ ಸ್ವಿಚ್ ಹಾಕಿದಳು, ಆದರೆ ಒಳಗೆ ಆಗಲೇ ಹೊರಗಿನಷ್ಟೇ ಸೆಕೆ. ಹದಿನಾಲ್ಕು ಪೆಟ್ಟಿಗೆ ಇಂಜೆಕ್ಷನ್ ಔಷಧ ಎಸೆಯಬೇಕಾಯಿತು. ನಡೆದದ್ದನ್ನು ನಡೆದಂತೆಯೇ ಸರ್ವಿಸ್ ಪುಸ್ತಕದಲ್ಲಿ ಬರೆದಳು. ಅಂದಿನಿಂದ ಮತ್ತೆ ಹಾಕಬೇಕಾದ ಸ್ವಿಚ್ಚುಗಳನ್ನು ಬರೆದ ಚೀಟಿಯನ್ನು ಪ್ರತಿ ಯಂತ್ರಕ್ಕೂ ತೂಗುಹಾಕಿ, ಒಬ್ಬರು ಓದಿ ಇನ್ನೊಬ್ಬರು ಮುಟ್ಟಿ ನೋಡಿದ ಮೇಲೆಯೇ ಜಾಗ ಬಿಡುವ ಪದ್ಧತಿ ತಂದಳು.

ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. "ಗೋದಾಮಿನವರಿಗೆ ಹೇಳಿದ್ರಾ?"

"ಮಾವನೇ ಹೋಗಿ ಹೇಳಿ ಬಂದ. ನಿನ್ನನ್ನ ಬಾಯಿಗೆ ಬಂದ ಹಾಗೆ ಬೈತಾರೆ, ನೀನು ಬರಬೇಡ ಅಂದ. ನನ್ನ ಪಾಲಿನ ಬೈಗುಳವನ್ನೆಲ್ಲ ಅವನೇ ತಿಂದು ಬಂದ, ಮೇಡಂ."

"ಇಲ್ಲಿ ಎಲ್ಲರೂ ತಾವು ಎಷ್ಟು ಜಾಣರು ಅಂತ ಹೇಳೋಕೆ ಬರ್ತಾರೆ. ನಿಮ್ಮ ಥರ ಉತ್ತರ ಕೊಟ್ಟವರು ಇವತ್ತು ಯಾರೂ ಇಲ್ಲ" ಎಂದರು ಮುಖ್ಯಸ್ಥೆ. "ನಿಮ್ಮ ಮಾವನಿಗೂ ಗೋದಾಮಿಗೂ ಒಂದು ಫೋನ್ ಮಾಡಿ ವಿಚಾರಿಸ್ತೀವಿ. ಎಲ್ಲರಿಗೂ ಮಾಡೋದೇ."

ನೆಲಕ್ಕೆ ಕಾಲು ತಾಗದವಳ ಹಾಗೆ ಮನೆಗೆ ಬಂದಳು. ಸುದ್ದಿ ಕೇಳಿ ಮಾವ "ಗೆದ್ದೆ ಬಿಡು!" ಎಂದು ತಲೆ ಸವರಿದ.

ಮೂರನೆಯ ದಿನ ಫೋನ್ ಬಂತು. ಮುಖ್ಯಸ್ಥೆಯ ದನಿಯೇ ಬದಲಾಗಿತ್ತು.

"ನೀವು ಹೇಳಿದ ಘಟನೆ ನಡೆದೇ ಇಲ್ಲವಂತೆ. ಅವತ್ತು ಕರೆಂಟಿನ ತೊಂದರೆ ಆಗಿತ್ತು ಅಂತ ಗೋದಾಮಿನವರ ಹತ್ರ ಪತ್ರ ಇದೆ. ಹುಡುಗಿ ಕೆಲಸ ಗಿಟ್ಟಿಸೋಕೆ ಕಥೆ ಕಟ್ಟಿದಾಳೆ ಅಂತಾರೆ ನಿಮ್ಮ ಮಾವ." ಫೋನ್ ಇಡುವ ಮುಂಚೆ ಸೇರಿಸಿದರು. "ಕಥೆ ಚೆನ್ನಾಗಿತ್ತು. ನಾನೂ ನಂಬಿಬಿಟ್ಟೆ."

ತಣ್ಣಕ್ಕ ನೇರ ವರ್ಕ್‌ಶಾಪಿಗೆ ಹೋದಳು. ಮಾವ ತಾಮ್ರದ ಪೈಪಿಗೆ ಬೆಸುಗೆ ಹಾಕುತ್ತಿದ್ದ.

"ಗೋದಾಮಿಗೆ ಹೋಗಿ ಹೇಳಿ ಬಂದೆ ಅಂದಿದ್ಯಲ್ಲ ಮಾವ. ಏನು ಹೇಳಿದೆ?"

ಅವನು ಉರಿ ಆರಿಸಿದ. ತಿರುಗಿ ನೋಡಲಿಲ್ಲ. "ನಿಜ ಹೇಳಿದ್ರೆ ಗುತ್ತಿಗೆ ಕೈಬಿಟ್ಟು ಹೋಗ್ತಿತ್ತು. ನಿನ್ನ ಹೆಸರೂ ಕೆಡ್ತಿತ್ತು. ನಿನಗೋಸ್ಕರಾನೇ ಮಾಡಿದ್ದು."

"ಇದನ್ನೂ ನನಗೋಸ್ಕರ ಮಾಡಿದ್ಯಾ? ಕಥೆ ಕಟ್ಟಿದಾಳೆ ಅಂದಿದ್ದು?"

"ಮತ್ತೇನು ಹೇಳಲಿ? ಮೂರು ವರ್ಷದ ಹಿಂದೆ ಸುಳ್ಳು ಹೇಳಿದ್ದೆ ಅಂತ ಹೇಳಲಾ? ನೋಡು, ಇಲ್ಲಿ ನಿನಗೇನು ಕಮ್ಮಿ? ನೀನು ಹೋದ್ರೆ ಈ ಅಂಗಡಿ ಯಾರು ನೋಡ್ತಾರೆ?"

ಅವಳು ಕಪಾಟಿನಿಂದ ಆ ವರ್ಷದ ಸರ್ವಿಸ್ ಪುಸ್ತಕ ತೆಗೆದಳು. ಅವಳು ಬರೆದಿದ್ದ ಹಾಳೆ ಇರಲಿಲ್ಲ. ಬುಡದಲ್ಲಿ ಹರಿದ ಅಂಚು ಮಾತ್ರ ಉಳಿದಿತ್ತು.

ಮೂರು ವರ್ಷದಿಂದ ಆ ಗೋದಾಮಿನ ಮ್ಯಾನೇಜರ್ ಎದುರಾದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ಅವರು "ಏನಮ್ಮಾ, ಚೆನ್ನಾಗಿದೀಯಾ?" ಎಂದಾಗ, ಎಷ್ಟು ದೊಡ್ಡ ಮನಸ್ಸು, ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಿದ್ದಾರೆ ಎಂದುಕೊಳ್ಳುತ್ತಿದ್ದಳು. ಅವರಿಗೆ ಕ್ಷಮಿಸುವುದಕ್ಕೆ ಏನೂ ಇರಲೇ ಇಲ್ಲ. ಮಾವನ ಮೇಲೆ ಇಟ್ಟುಕೊಂಡಿದ್ದ ಕೃತಜ್ಞತೆ ನೆನಪಾಗಿ ಮೈಯೆಲ್ಲ ಮುಳ್ಳೆದ್ದಿತು. ಪುಸ್ತಕ ಅಲ್ಲಿಯೇ ಇಟ್ಟು, ಟೂಲ್ ಬ್ಯಾಗು ಹೆಗಲಿಗೇರಿಸಿ ಹೊರಬಿದ್ದಳು. "ಎಲ್ಲಿಗೆ? ಮಾತು ಕೇಳು!" ಎಂದು ಮಾವ ಬೀದಿಯವರೆಗೂ ಬಂದ.

ಗೋದಾಮಿನ ಮ್ಯಾನೇಜರ್ ಅವಳು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಹಳೆಯ ಫೈಲು ತೆಗೆದು ಮಾವನ ಪತ್ರವನ್ನು ಅವಳ ಮುಂದೆ ತಳ್ಳಿದರು. ‘ಸರ್ವಿಸ್ ಮುಗಿದ ನಂತರ ನಿಮ್ಮ ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ತೆಗೆದು ಮತ್ತೆ ಹಾಕುವುದನ್ನು ಮರೆತಿರುತ್ತಾರೆ’ ಎಂದಿತ್ತು.

"ಅವರು ಈಗೆಲ್ಲಿದಾರೆ?" ಅವಳ ದನಿ ಸಣ್ಣಗಾಯಿತು. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿ ಹೋದರು ಎಂದು ಮಾವ ಹೇಳಿದ್ದ.

"ಅದೇ ವಾರ ಮನೆಗೆ ಕಳಿಸಿದ್ವಿ" ಎಂದರು ಮ್ಯಾನೇಜರ್. ಅವರ ಮುಖವೂ ಕಪ್ಪಿಟ್ಟಿತು.

ಅಂದೇ ಮಾವನ ಗುತ್ತಿಗೆ ರದ್ದಾಯಿತು. ಮ್ಯಾನೇಜರ್ ನಿಜ ಸಂಗತಿ ಬರೆದು ಸಹಿ ಹಾಕಿ ಎರಡು ಪ್ರತಿ ಕೊಟ್ಟರು. ಒಂದನ್ನು ಡೇಟಾ ಸೆಂಟರಿಗೆ ಕಳಿಸಿದಳು. ‘ಆ ಜಾಗ ನಿನ್ನೆಯೇ ತುಂಬಿತು. ಪತ್ರ ಓದಿದೆ. ನಿಮ್ಮನ್ನು ಅನುಮಾನಿಸಿದ್ದಕ್ಕೆ ಬೇಜಾರಾಯಿತು’ ಎಂದು ಮುಖ್ಯಸ್ಥೆ ಎರಡು ಸಾಲು ಬರೆದರು. ಮುಂದೆ ಕರೆಯುತ್ತೇವೆ ಎಂದಾಗಲಿ, ಇಲ್ಲ ಎಂದಾಗಲಿ ಬರೆದಿರಲಿಲ್ಲ. ಅಮ್ಮ ಮಾತ್ರ ಎರಡು ದಿನ ಅವಳ ಮುಖ ನೋಡಲಿಲ್ಲ. "ನಮ್ಮನ್ನ ಸಾಕಿದ ಕೈ ಅದು. ಅದರ ಅನ್ನಕ್ಕೇ ಕಲ್ಲು ಹಾಕಿದ್ಯಲ್ಲೇ" ಎಂದಳು.

ಇನ್ನೊಂದು ಪ್ರತಿಯನ್ನು ಹಿಡಿದು ಅವಳು ಎಲೆಕ್ಟ್ರಿಷಿಯನ್ನನ ಮನೆ ಹುಡುಕಿಕೊಂಡು ಹೋದಳು. ಐವತ್ತು ದಾಟಿದ ಆ ಮನುಷ್ಯ ಮುಂದಿನ ಕೋಣೆಯಲ್ಲಿ ಫ್ಯಾನು, ಮಿಕ್ಸಿಗಳನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಅವಳು ನಿಂತೇ ಎಲ್ಲ ಹೇಳಿದಳು.

ಅವನು ತೊಡೆಯ ಮೇಲಿದ್ದ ಮಿಕ್ಸಿಯನ್ನು ಪಕ್ಕಕ್ಕೆ ಸರಿಸಿದ.

"ಅವತ್ತು ಸಾಯಂಕಾಲ ಬೋರ್ಡು ಮುಟ್ಟಿದ್ದು ನಿಜ ನೋಡಮ್ಮ. ಫ್ಯೂಸ್ ಹಾಕಿದ್ದೆ. ಮೇನ್ ಮತ್ತೆ ಹಾಕಿದ್ನೋ ಇಲ್ವೋ ಅಂತ ಎಷ್ಟು ಯೋಚನೆ ಮಾಡಿದೀನಿ ಗೊತ್ತಾ? ಹಾಕಿದ್ದೆ ಅಂತ ಕೈ ಹೇಳೋದು. ಎಲ್ಲರೂ ಇಲ್ಲ ಅನ್ನೋರು. ಕೊನೆಗೆ ನಾನೇ ಮರೆತಿರಬೇಕು ಅಂತ ಒಪ್ಕೊಂಡುಬಿಟ್ಟೆ. ಹೆಂಡ್ತಿಗೂ ಹಾಗೇ ಹೇಳಿದೆ."

"ನನಗೆ ಗೊತ್ತಿರಲಿಲ್ಲ ಅಣ್ಣ."

"ನಿಮ್ಮ ಮಾವ ಅವತ್ತು ಗೇಟಿನ ತನಕ ಬಂದಿದ್ದ. ಮರೆವು ಯಾರಿಗಿಲ್ಲ, ಮನಸ್ಸಿಗೆ ಹಚ್ಕೋಬೇಡ ಅಂತ ಭುಜ ತಟ್ಟಿ ಹೋದ. ಒಳ್ಳೆ ಮನುಷ್ಯ ಅಂದ್ಕೊಂಡೆ."

ಅವಳು ಪತ್ರ ಚಾಚಿದಳು. ಅವನು ಕನ್ನಡಕ ಹುಡುಕಿ ಹಾಕಿಕೊಂಡು ಮೊದಲ ಸಾಲು ಓದಿದ, ಮತ್ತೆ ಅದನ್ನೇ ಓದಿದ. ಆಮೇಲೆ ಒಳಮನೆಯ ಕಡೆ ತಿರುಗಿ ಜೋರಾಗಿ ಕೂಗಿದ, "ಏ, ಇಲ್ಲಿ ಬಾರೇ! ಕೈಲಿದ್ದ ಕೆಲಸ ಬಿಟ್ಟು ಬಾ. ಇದನ್ನ ಓದು, ನಾನು ಮರೆತಿರಲಿಲ್ಲ ಕಣೇ!"

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. ಇಬ್ಬರೂ ಹಾಳೆಯ ಮೇಲೆ ಬಾಗಿದರು. ತಣ್ಣಕ್ಕನಿಗೆ ಯಾರೂ ಕೂತ್ಕೋ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವಳು ಹೊಸ್ತಿಲ ಬಳಿ ನಿಂತೇ ಇದ್ದಳು.