ಮಾರಾಟಕ್ಕಿದ್ದ ಮನೆಯಲ್ಲಿ ಎರಡು ವರ್ಷ

ಕಾರಿನ ಸದ್ದೇ ಇದು, ಅಲ್ಲ, ಟಂಟಂ ಗಾಡಿ, ಕಾರಾಗಿದ್ದರೆ ತಿರುವಿನ ಜಲ್ಲಿಯ ಮೇಲೆ ಟೈರು ಕರಕರ ಅನ್ನುತ್ತಿತ್ತು, ಹೋಯಿತು, ಬೈಲಹೊಂಗಲದ ಪ್ಯಾಟಿ ಕಡೆಗೆ ಹೋಯಿತು — ಇನ್ನೂ ಹೊತ್ತಿದೆ, ಅಡುಗೆ ಕಟ್ಟೆಯನ್ನು ಇನ್ನೊಂದು ಸಲ ಒರೆಸಿಬಿಡೋಣ, ಕರಿ ಗ್ರಾನೈಟು, ಬೆರಳು ಸೋಕಿದರೂ ಗುರುತು ಉಳಿಯುತ್ತದೆ, ಒಗ್ಗರಣೆಯ ವಾಸನೆ ಹೋಗಲಿ ಎಂದು ಕಿಟಕಿ ತೆರೆದಿಟ್ಟಿದ್ದೇನೆ, ಹಾಸಿಗೆ ಸುತ್ತಿ ಹಿಂದಿನ ಕೋಣೆಗೆ ತಳ್ಳಿದ್ದಾಯಿತು, ಒಲೆ, ಕೊಡ, ಪರಪ್ಪನ ಕೆಲಸದ ಅಂಗಿ ಎಲ್ಲ ಅಲ್ಲೇ, ಮನೆ ನೋಡಲು ಬಂದವರಿಗೆ ಇಲ್ಲಿ ಯಾರೋ ಉಂಡು ಮಲಗಿದ್ದಾರೆ ಅನ್ನಿಸಬಾರದು, ಕೃಷ್ಣವ್ವಾ, ಮನಿ ಹೊಸಾದು ಕಾಣಬೇಕವಾ, ಇದು ತ್ರ್ಯಂಬಕ ಸರ್ ಪ್ರತಿ ಸಲ ಹೇಳುವ ಮಾತು, ಮುರಗೋಡದ ಸಾಲೆಯಲ್ಲಿ ಹೆಡ್ಮಾಸ್ತರರಾಗಿ ರಿಟೈರಾದವರು, ಕೈಗೆ ಬಂದ ದುಡ್ಡಿನಲ್ಲಿ ಈ ಮನೆ ಕಟ್ಟಿಸಿದರು, ಇರಲಿಕ್ಕಲ್ಲ, ಮಾರಲಿಕ್ಕೆ, ಕಟ್ಟಿದವನು ನನ್ನ ಗಂಡ ಪರಪ್ಪ ಗೌಂಡಿ, ಸಿಮೆಂಟು ಕಲಸಿ ಬುಟ್ಟಿ ಹೊತ್ತವಳು ನಾನು, ಮಾರಾಟ ಆಗೋತನಕ ಕಾವಲಿಗೆ ಇರ್ರಿ ಅಂದರು, ನಾಲ್ಕು ತಿಂಗಳ ಮಾತು ಅದು, ಎರಡು ವರ್ಷವಾಯಿತು.

ಕಟ್ಟುವಾಗ ಊರಿಗೆ ಊರೇ ಹುಚ್ಚಾಗಿತ್ತು, ದೊಡ್ಡ ರಸ್ತೆ ಬರುತ್ತದಂತೆ ಅಂತ ಯಾರೋ ಅಂದರು, ಜೋಳದ ಹೊಲಗಳಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದರು, ಮುಂಜಾನೆ ಒಂದು ರೇಟು, ಚಹಾ ಕುಡಿದು ಬರುವಷ್ಟರಲ್ಲಿ ಇನ್ನೊಂದು, ರಸ್ತೆ ಬರಲಿಲ್ಲ, ಒಬ್ಬ ಕಡಿಮೆಗೆ ಮಾರಿದ, ಅವನನ್ನು ನೋಡಿ ಇನ್ನೊಬ್ಬ, ಈಗ ನಮ್ಮ ಸಾಲಿನಲ್ಲಿ ಐದು ಹೊಸ ಮನೆ, ಐದಕ್ಕೂ ಗಿರಾಕಿ ಇಲ್ಲ, ಬಂದವರೆಲ್ಲ ಗೋಡೆ ತಟ್ಟುತ್ತಾರೆ, ನಳ ತಿರುವುತ್ತಾರೆ, ಇನ್ನೂ ಇಳೀತೈತಿ, ನೋಡೂಣು ಅಂತ ಚಪ್ಪಲಿ ಮೆಟ್ಟುತ್ತಾರೆ, ಸರ್ ಮುಖ ನೋಡಿದರೆ ಕರುಳು ಚುರ್ ಅನ್ನುತ್ತದೆ, ನಿಜ, ಆದರೂ ಗಿರಾಕಿ ಗೇಟು ದಾಟಿ ಹೋದ ದಿನ ನಾನು ಸಜ್ಜಕ ಮಾಡುತ್ತೇನೆ, ಯವ್ವಾ, ರೇಟ್ ಬಿದ್ದರ ಮಂದಿ ಅಳತಾರ, ನೀ ಬೆಲ್ಲಾ ಹೆಚ್ಚಗಿ ಹಾಕ್ತಿ, ಮಗಳು ಪ್ರಣಿತಾ ನಗುತ್ತಾಳೆ, ನರ್ಸು ಅವಳು, ಹೋದ ವರ್ಷ ನೌಕರಿ ಕಾಯಂ ಆಯಿತು, ಅದಕ್ಕೂ ಮೊದಲು, ಆ ಹುಚ್ಚಿನ ದಿನಗಳಲ್ಲೇ, ಮೂಲೆಯ ಒಂದು ಸಣ್ಣ ಪ್ಲಾಟು ಕೇಳಲು ಹೋಗಿದ್ದಳು, ಯಾವ ಓಣಿ ತಂಗಿ ನಿಮ್ಮದು ಅಂದನಂತೆ ಏಜೆಂಟ, ಹೇಳಿದಳು, ಎಲ್ಲಾ ಹೋಗ್ಯಾವಲ್ಲವಾ ಅಂದನಂತೆ, ಮುಂದಿನ ವಾರ ಅದೇ ಸಾಲಿನಲ್ಲಿ ಎರಡು ಪ್ಲಾಟು ಬೇರೆಯವರಿಗೆ ಕೊಟ್ಟ, ಯಾಕೆ ಅಂತ ನಾವು ಕೇಳಲಿಲ್ಲ, ಕೇಳುವಂಥದ್ದೇನಿತ್ತು — ನನಗೆ ಉಗರಗೋಳದ ನಮ್ಮ ತವರುಮನೆ ನೆನಪಾಯಿತು, ಎರಡೇ ಖೋಲಿ, ಹುಣ್ಣಿವೆ ಬಂತೆಂದರೆ ನಮ್ಮವ್ವ ಶಟ್ಟೆವ್ವ ಎರಡನ್ನೂ ಸಾರಿಸಿ ಗುಡ್ಡದ ಜಾತ್ರೆಗೆ ಬಂದ ಪರಊರಿನವರಿಗೆ ಬಾಡಿಗೆಗೆ ಕೊಡುತ್ತಿದ್ದಳು, ನಾವು ಬೇವಿನ ಗಿಡದ ಕೆಳಗೆ, ನನ್ನ ಮನೆಯ ಬಾಗಿಲಲ್ಲಿ ಯಾರದೋ ಕೂಸು ನಿಂತು ನನ್ನನ್ನೇ ನೋಡುತ್ತಿತ್ತು, ಯಾರು ನೀ ಅನ್ನುವ ಹಾಗೆ, ನನಗೂ ನಗು ಬರುತ್ತಿತ್ತು.

ಕರಕರ, ಇದೀಗ ಕಾರೇ, ಪ್ರಣಿತಾ ಹಿಂದಿನ ಖೋಲಿಗೆ ಹೋಗು, ಇವತ್ತು ಸೂಟಿ ಅಂತ ಇಲ್ಲೇ ಕೂತಿದ್ದಾಳೆ ಹುಡುಗಿ, ಸರ್ ಇಳಿದರು, ಹಿಂದಿನ ಇನ್ನೊಂದು ಕಾರಿನಿಂದ ಗಂಡ ಹೆಂಡತಿ, ರಾಮದುರ್ಗದವರಂತೆ, ಅರಿವೆ ಅಂಗಡಿಯಂತೆ, ಆಕೆ ಕಪಾಟಿನ ಬಾಗಿಲು ತೆಗೆದು ಮುಚ್ಚಿ, ಮತ್ತೆ ತೆಗೆದು, ಒಳಗೆ ತನ್ನ ಸೀರೆಗಳನ್ನು ಮನಸ್ಸಿನಲ್ಲೇ ಜೋಡಿಸಿ ಇಡುತ್ತಿದ್ದಾಳೆ, ಈಕೆ ತಗೊಳ್ಳುವವಳೇ ಅನ್ನಿಸಿತು, ಆತ ಕಿಟಕಿಯ ಹತ್ತಿರ ನಿಂತು, ಇದೇನಿದು ಬಿರುಕ? ಸರ್ ಬಾಯಿ ತೆರೆಯುವ ಮೊದಲೇ ನಾನು, ಅದು ಮ್ಯಾಲಿನ ಗಿಲಾವಿಂದರಿ, ಗ್ವಾಡೀದಲ್ಲ, ಬ್ಯಾಸಗ್ಯಾಗ ನೀರ ಹೊಡಿಯೂದು ಕಮ್ಮಿ ಆತು, ಹೊಡಿಯಾಕಿ ನಾನ ಇದ್ನಿ, ಆಕೆ ನಕ್ಕಳು, ತಗೊಳ್ಳೂಣಲ್ರಿ ಅಂತ ಗಂಡನ ತೋಳು ಮುಟ್ಟಿದಳು, ಆತ ರೇಟು ಕೇಳಿದ, ಸರ್ ಹೇಳಿದರು, ಮೊದಲಿಗಿಂತ ಎಷ್ಟು ಕೆಳಗೆ ಇಳಿದಿದ್ದಾರೆ ಈ ಮನುಷ್ಯ, ನನಗೇ ಕೇಳಲಾಗಲಿಲ್ಲ, ಆತ ಗಡ್ಡ ಕೆರೆದು, ನಿಮ್ಮ ಮನಿ ಛಲೋ ಐತ್ರಿ ಮಾಸ್ತರ, ಆದ್ರ ಈಗ ಯಾರು ತಗೋತಾರ, ದೀಪಾವಳಿ ಆಗಲಿ, ಇನ್ನೂ ಇಳೀತೈತಿ — ಹೋದರು, ಆಕೆ ಗೇಟಿನವರೆಗೂ ತಿರುಗಿ ತಿರುಗಿ ನೋಡಿದಳು.

ಸರ್ ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು, ಪಂಜೆಯಿಂದ ಕನ್ನಡಕ ಒರೆಸುತ್ತ, ಇವತ್ತು ನನಗೆ ಸಜ್ಜಕದ ನೆನಪೇ ಬರಲಿಲ್ಲ, ಚಹಾ ಇಟ್ಟೆ, ಕೊಡಲೋ ಬೇಡವೋ ಅಂತ ಒಂದು ಗಳಿಗೆ ನಿಂತೆ, ಕೊಟ್ಟೆ, ತಗೊಂಡರು, ಸೊರ್ ಅಂತ ಕುಡಿದರು, ಶುಂಠಿ ಹಾಕೀ ಏನು, ಛಲೋ ಆಗೇದ ಅಂದರು, ಆಮೇಲೆ ತಮ್ಮಷ್ಟಕ್ಕೇ, ಒಬ್ಬರಿಗೂ ಧೈರ್ಯ ಇಲ್ಲ ನೋಡವಾ, ಎಲ್ಲಾರೂ ಕಾಯ್ಲಿಕ್ಕೆ ಹತ್ಯಾರ, ಆಗ ನನ್ನ ಬಾಯಿಂದ ಅದು ಹೊರಟೇಹೋಯಿತು, ಎರಡು ವರ್ಷ ಎಷ್ಟು ಮಂದಿಯ ಬಾಯಲ್ಲಿ ಕೇಳಿದ್ದೆನೋ ಆ ಮಾತು, ನಾನು ಮಾತ್ರ ಎಂದೂ ಆಡಿರಲಿಲ್ಲ — ಸರ್, ನಾವ ತಗೊಂಡ್ರ ನಡೀತೈತೇನ್ರಿ? ಒಳಗೆ ಪ್ರಣಿತಾಳ ಕೈಯಿಂದ ಏನೋ ಬಿದ್ದು ಟಣ್ ಅಂದಿತು, ಸರ್ ನನ್ನನ್ನು ನೋಡಿದರು, ಲೋಟ ನೋಡಿದರು, ನೀವಾ? ಹೂಂನ್ರಿ, ಹುಡುಗೀದು ಪಗಾರ ಐತಿ, ಬ್ಯಾಂಕಿನಾಗ ಕೇಳತಾಳ, ಅವರ ಅಪ್ಪ ದುಡೀತಾನ, ನಾನೂ ದುಡೀತೇನಿ ಅಂದೆ, ನಾಳೆ ಮತ್ತ ರೇಟ್ ಬಿದ್ದರ ನನಗ ಬೈಬ್ಯಾಡ ಅಂದರು ಸರ್, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ, ಬೀಳಲಿ ಬಿಡ್ರಿ ಸರ್, ರೇಟ್ ಬಿದ್ದರ ಗ್ವಾಡಿ ಬೀಳತಾವೇನ್ರಿ, ನಾವು ಇರಾಕ ತಗೋಳಾಕತ್ತೇವಿ, ಮಾರಾಕಲ್ಲ.

ಅವರು ಸುಮ್ಮನಾದರು, ಆ ಸುಮ್ಮನಾಗುವಿಕೆ ನನಗೆ ಗೊತ್ತು, ಹುಟ್ಟಿದಾಗಿನಿಂದ ಗೊತ್ತು, ಯಾವ ಓಣಿ ಅನ್ನುವ ಪ್ರಶ್ನೆಗೆ ಮುಂಚೆ ಬರುವಂಥದ್ದು, ಮಂದಿ ಏನಂತಾರೋ ಅಂತ ಮೆಲ್ಲಗೆ ಅಂದರು, ಅಂದದ್ದಕ್ಕೆ ತಾವೇ ನಾಚಿದ ಹಾಗೆ ಫೋನು ತೆಗೆದರು, ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ, ಮುರಗೋಡದಿಂದ ಅವರ ಹೆಂಡತಿ ಕಮಲಾಬಾಯಿಯವರ ದನಿ, ಕೃಷ್ಣವ್ವ ಕೇಳಿದಳಾ? ಕೊಡ್ರಿ ಮತ್ತ, ಎರಡು ವರ್ಷ ಮನಿ ನೋಡಿಕೊಂಡಾಕಿ ಅಕಿ, ನೀವು ಬರೇ ಮಾರಾಟದ ಬೋರ್ಡ್ ಹಚ್ಚೀರಿ, ಸರ್ ದನಿ ಇಳಿಸಿ, ಅಲ್ಲ, ಅಕ್ಕಪಕ್ಕದ ಮಂದಿ, ಅತ್ತಲಿಂದ ನಗೆ, ಎಡಕ್ಕ ಬೀಗ, ಬಲಕ್ಕ ಬೀಗ, ಎಲ್ಲಿ ಅದಾರ್ರಿ ನಿಮ್ಮ ಮಂದಿ? — ಪ್ರಣಿತಾ ಕಿಸಕ್ಕೆಂದಳು, ನಾನು ಸೆರಗು ಬಾಯಿಗೆ ಒತ್ತಿಕೊಂಡೆ, ಆಮೇಲೆ ಸರ್ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣು ಒರೆಸಿಕೊಂಡರು, ಆ ರಾಮದುರ್ಗದವನಿಗೆ ಹೇಳಿದ್ದ ರೇಟ, ಒಂದು ರೂಪಾಯಿ ಹೆಚ್ಚಿಲ್ಲ ಕೃಷ್ಣವ್ವ, ಸೋಮವಾರ ಬ್ಯಾಂಕಿಗೆ ನಾನೂ ಬರ್ತೀನಿ, ಕೀಲಿ ಕೊಡಬೇಕೆಂದು ಜೇಬಿಗೆ ಕೈ ಹಾಕಿದರು, ತಡಕಿದರು, ಕೀಲಿ ಎರಡು ವರ್ಷದಿಂದ ನನ್ನ ಸೊಂಟದಲ್ಲೇ ಇದೆ, ಇಬ್ಬರಿಗೂ ಮತ್ತೆ ನಗೆ.

ಕಾರು ತಿರುವು ದಾಟಿತು, ನಾನು ಗೇಟಿನಿಂದ ವಾಪಸು ಬರುವಷ್ಟರಲ್ಲಿ ಗಾಳಿಗೆ ಬಾಗಿಲು ಮುಚ್ಚಿಕೊಂಡಿದೆ, ಒಳಗೆ ಪ್ರಣಿತಾ ಫೋನಿನಲ್ಲಿ ಅಪ್ಪನಿಗೆ ಹೇಳುತ್ತಿದ್ದಾಳೆ, ಹೇಳಿದ್ದನ್ನೇ ಹೇಳುತ್ತಿದ್ದಾಳೆ, ಪರಪ್ಪ ಯಾವುದೋ ಗೋಡೆಯ ಮೇಲೆ ಕರಣಿ ಹಿಡಿದು ನಿಂತಿದ್ದಾನು, ಕೀಲಿ ತೆಗೆಯಬಹುದು, ತೆಗೆಯಲಿಲ್ಲ, ಚೌಕಟ್ಟಿನ ಪಕ್ಕದಲ್ಲಿ ಒಂದು ಬಿಳಿ ಗುಂಡಿ, ಬಂದವರೆಲ್ಲ ಒತ್ತಿದ್ದಾರೆ, ನಾನು ಒಮ್ಮೆಯೂ ಒತ್ತಿಲ್ಲ, ಕಾವಲಿಗಿದ್ದವರು ಯಾರಿಗೆ ಬೆಲ್ ಒತ್ತಬೇಕು, ಬೆರಳು ಸೆರಗಿಗೆ ಒರೆಸಿಕೊಂಡೆ, ಒತ್ತಿದೆ, ಒಳಗೆ ಗುಬ್ಬಿಯ ಹಾಗೆ ಚಿಲಿಪಿಲಿ, ಯಾರ್ರೀ ಅಂತ ಪ್ರಣಿತಾ, ನಾನು ಬೆರಳು ಎತ್ತಿಲ್ಲ, ಯಾರ್ರೀ ಅಂತ ಮತ್ತೆ, ಚಿಲಿಪಿಲಿ, ಬಿಳಿ ಗುಂಡಿ, ಅದರ ಮೇಲೆ ನನ್ನ ಬೆರಳು