ಮೂರು ಡಿಗ್ರಿ ವಾಟ

ಸೆಪ್ಟೆಂಬರ್ ಎರಡನೇ ವಾರ ಬಂದಿತ್ತು, ಅಪ್ಪನ ಕೋಣೆಗೆ ಇನ್ನೂ ಸೂರಿರಲಿಲ್ಲ. ಗೋಡೆ ಎದ್ದಿತ್ತು, ಜಂತೆ ಕೂತಿತ್ತು, ಮೇಲೆ ಬರೀ ನೀಲಿ ಟಾರ್ಪಾಲು. ಸಮುದ್ರದ ಗಾಳಿಗೆ ಅದು ಪಟಪಟ ಬಡಿದುಕೊಂಡಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಓಡುತ್ತಿದ್ದೆ. ನಮ್ಮ ಈ ಕಡಲತೀರದ ಊರು ಫ್ಲೋರೋದಲ್ಲಿ ಗಾಳಿ ಇಲ್ಲದ ದಿನ ಯಾವುದಿದೆ?

ಅಪ್ಪ ಕೋಲ್ಬೇನ್ ನಲವತ್ತು ವರ್ಷ ಈ ದ್ವೀಪಗಳ ಮನೆಗಳಿಗೆ ಕಲ್ಲಿನ ಹೆಂಚು ಹೊದಿಸಿದವನು. ಕಳೆದ ಫೆಬ್ರವರಿಯಲ್ಲಿ ದೋಣಿ ಇಡುವ ಕೊಟ್ಟಿಗೆಯ ಸೂರಿನ ಮೇಲೆ ಮಂಜುಗಡ್ಡೆಗೆ ಕಾಲಿಟ್ಟು ಜಾರಿ ಬಿದ್ದ. ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ. ತಿಂಗಳ ಕೊನೆಗೆ ಮನೆಗೆ ಕಳಿಸುತ್ತೇವೆ ಅಂತ ಚಿಕಿತ್ಸಾ ಕೇಂದ್ರದವರು ಹೇಳಿದ್ದರು. ನಮ್ಮ ಮನೆಯ ಮಲಗುವ ಕೋಣೆಗಳೆಲ್ಲ ಮಹಡಿಯಲ್ಲಿ. ಹಾಗಾಗಿ ಅಡುಗೆಮನೆಯ ಹಿಂದೆ ಅವನಿಗೊಂದು ಕೋಣೆ ಕಟ್ಟಿಸಲು ಹೊರಟಿದ್ದೆ.

ಬಡಗಿ ಲೈದುಲ್ಫ್ ಸೋಮವಾರ ಸೂರಿಗೆ ಹೊದಿಸುವ ಮೂರು ಬಗೆಯ ಹೊದಿಕೆಯ ತುಂಡುಗಳನ್ನು ಮೇಜಿನ ಮೇಲೆ ಇಟ್ಟ. "ತಗಡಾ, ಟಾರ್ ಶೀಟಾ, ರಬ್ಬರಾ? ಬೇಗ ಹೇಳು ಗುನ್‌ವೋರ್. ಶುಕ್ರವಾರದಿಂದ ಮಳೆಯಂತೆ."

"ಕಲ್ಲಿನ ಹೆಂಚು ಆಗೋದೇ ಇಲ್ವಾ?"

"ಹತ್ತನೇ ಸಲ ಕೇಳ್ತಿದ್ದೀಯ. ಸೂರಿಗೆ ಇರೋದು ಮೂರು ಡಿಗ್ರಿ ವಾಟ, ಇಳಿಜಾರೇ ಇಲ್ಲ ಅನ್ನು. ಕಲ್ಲು ಹಾಕಿದ್ರೆ ನೀರು ಇಳಿಯಲ್ಲ, ಗಾಳಿ ಅದನ್ನ ಸಂದಿಯೊಳಗೆ ವಾಪಸ್ ನೂಕುತ್ತೆ. ಬೇಕಾದ್ರೆ ನಿಮ್ಮಪ್ಪನ್ನೇ ಕೇಳು."

ಅದೊಂದನ್ನೇ ನಾನು ತಪ್ಪಿಸಿಕೊಂಡು ಬಂದಿದ್ದೆ. ವಾಟ ಯಾಕೆ ಕಮ್ಮಿ ಅಂತ ಅಪ್ಪ ಕೇಳದೆ ಬಿಡುವವನಲ್ಲ. ಸೂರನ್ನು ಗೋಡೆ ಕಡೆ ಇನ್ನೂ ಎತ್ತರಿಸಲು ಮಹಡಿಯ ಕಿಟಕಿ ಅಡ್ಡ, ಅಷ್ಟನ್ನು ಹೇಳಬಹುದು. ಆದರೆ ಹೊರಗಿನ ತುದಿಯನ್ನು ತಗ್ಗಿಸಲೂ ಆಗದ ಕಾರಣ ಬೇರೆ. ಇನ್ನು ನಡೆಯಲು ಆಗುವುದಿಲ್ಲ ಅಂತ ವೈದ್ಯರು ಮೇ ತಿಂಗಳಲ್ಲೇ ಅವನ ಮುಖಕ್ಕೆ ಹೇಳಿದ್ದರು. ಅವನು ತಲೆಯಾಡಿಸಿದ್ದ. ಮಾರನೇ ದಿನದಿಂದ ನೋಡಲು ಬಂದವರಿಗೆಲ್ಲ, ಕ್ರಿಸ್‌ಮಸ್‌ಗೆ ಎದ್ದು ಓಡಾಡ್ತೀನಿ ಅನ್ನುತ್ತಿದ್ದ. ನಾನೂ ಸುಮ್ಮನಿದ್ದುಬಿಟ್ಟಿದ್ದೆ.

ಅವತ್ತು ಸಂಜೆಯೊಳಗೆ ನಾಲ್ಕು ಸಲ ಮನಸ್ಸು ಬದಲಾಯಿಸಿದೆ. ತಗಡು ಅಂದುಕೊಂಡೆ, ಮಳೆಯ ಸದ್ದು ನೆನಪಾಯಿತು. ಟಾರ್ ಅಂದುಕೊಂಡೆ, ಅದೂ ಸರಿಬರಲಿಲ್ಲ. ಏಣಿ ಹಾಕಿ ಕಿಟಕಿಯ ಕೆಳಗಿನ ಜಾಗವನ್ನು ಮತ್ತೆ ಅಳೆದೆ, ಅದೇನು ಬೆಳೆದಿರುತ್ತದೆಯೆ? ಒಳಗೆ ಬರುವಷ್ಟರಲ್ಲಿ ಆಲೂಗಡ್ಡೆ ತಳ ಹಿಡಿದಿತ್ತು.

ಮಂಗಳವಾರ ಮೂರೂ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಚಿಕಿತ್ಸಾ ಕೇಂದ್ರಕ್ಕೆ ಹೋಗಲು ಕಾರು ಹತ್ತಿದೆ.

ಅಪ್ಪ ಗಾಲಿಕುರ್ಚಿಯಲ್ಲಿ ಕಿಟಕಿಯ ಪಕ್ಕ ಕೂತಿದ್ದ. ರಬ್ಬರ್ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಏನಿದು, ಸೈಕಲ್ ಟ್ಯೂಬಾ? ನನ್ನ ತಲೆ ಮೇಲೆ ಇದನ್ನ ಹೊದಿಸ್ತೀರಾ? ಕಲ್ಲು ಹಾಕ್ಸು."

"ವಾಟ ಸಾಲಲ್ಲ ಅಪ್ಪಾ. ಮೂರೇ ಡಿಗ್ರಿ."

"ಮೂರಾ! ಆ ಲೈದುಲ್ಫ್ ಸೂರು ಮಾಡ್ತಿದ್ದಾನೋ, ಊಟದ ಮೇಜು ಮಾಡ್ತಿದ್ದಾನೋ? ಹೊರಗೋಡೆನ ಒಂದು ಮೀಟರ್ ತಗ್ಗಿಸೋಕೆ ಹೇಳು. ಹಾಸಿಗೆ ಆ ಕಡೆ ಹಾಕಿದ್ರಾಯ್ತು. ಮಲಗೋನಿಗೆ ಎತ್ತರ ಯಾಕೆ?"

"ತಗ್ಗಿಸೋಕಾಗಲ್ಲ."

"ಯಾಕಾಗಲ್ಲ?"

"ಹಾಸಿಗೆ ಮೇಲೆ ಸೂರಿಗೆ ಹಳಿ ಬರುತ್ತೆ ಅಪ್ಪಾ. ಅದಕ್ಕೆ ಜೋಲಿ ತೂಗುಹಾಕ್ತಾರೆ, ನಿನ್ನನ್ನ ಎತ್ತಿ ಕುರ್ಚಿಗೆ ಕೂರಿಸೋಕೆ. ಅದಕ್ಕೆ ಅಷ್ಟು ಎತ್ತರ ಬೇಕೇ ಬೇಕು."

"ಎಷ್ಟು ದಿನಕ್ಕೆ?"

"ಯಾವಾಗ್ಲೂ."

ಅವನು ಮುಖ ತಿರುಗಿಸಿದ. ಯಾರೋ ಕಾಫಿ ತಂದಿಟ್ಟು ಹೋದರು. ನಾನು ಎದ್ದೆ, ಕೂತೆ, ಬಾಗಿಲವರೆಗೆ ಹೋಗಿ ಬಂದೆ. ಹೇಳಬಾರದಿತ್ತೇನೋ. ಮೇ ತಿಂಗಳಲ್ಲೇ ಹೇಳಬೇಕಿತ್ತೇನೋ.

"ಕೂತ್ಕೋ ಮಾರಾಯ್ತಿ, ನಿನ್ನ ನೋಡಿ ನನ್ನ ತಲೆ ತಿರುಗ್ತಿದೆ," ಅಂದ ಕೊನೆಗೆ.

ಟಾರ್ ಶೀಟು ತೆಗೆದುಕೊಂಡು ಮೂಸಿ ನೋಡಿದ. "ಇದನ್ನ ಬೆಂಕಿ ಹಿಡಿದು ಅಂಟಿಸಬೇಕು. ನೂರು ವರ್ಷದ ಮರದ ಗೋಡೆ ಪಕ್ಕ ಬೆಂಕಿ! ತಲೆ ಕೆಟ್ಟಿದ್ಯಾ ನಿಮಗೆ?" ಅದನ್ನು ಪಕ್ಕಕ್ಕೆಸೆದ. ತಗಡಿನ ಮೇಲೆ ಉಗುರಿನಿಂದ ಟಕಟಕ ಬಡಿದ, ಕಿವಿಗೊಟ್ಟು ಕೇಳಿದ. "ಇದರ ಕೆಳಗೆ ನಿದ್ದೆ ಬರಲ್ಲ. ಎದ್ದು ಓಡಾಡೋಣ ಅಂದ್ರೆ ಅದೂ ಆಗಲ್ಲ."

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಆಮೇಲೆ ರಬ್ಬರನ್ನು ಎರಡೂ ಕೈಯಿಂದ ಎಳೆದ, ಮಡಚಿದ, ಮತ್ತೆ ಎಳೆದ. "ಸಂದಿ ಇಲ್ಲದ ಒಂದೇ ಹಾಸು ತರಿಸು. ಗೋಡೆ ಹತ್ರ ಒಂದು ಗೇಣು ಮೇಲಕ್ಕೆ ಮಡಚಿ ಹಲಗೆ ಹಿಂದಕ್ಕೆ ಸೇರಿಸಬೇಕು. ಅಲ್ಲಿ ಸೋಮಾರಿತನ ಮಾಡಿದ್ರೆ ಗೋಡೆ ಕೊಳೆಯುತ್ತೆ ಅಂತ ಹೇಳು ಅವನಿಗೆ."

ಹೊರಗೆ ಬಂದು ಕಾರಿನಲ್ಲಿ ಕೂತೆ. ಅಲ್ಲಿಂದಲೇ ಲೈದುಲ್ಫ್‌ಗೆ ಫೋನ್ ಮಾಡಿದೆ.

ಗುರುವಾರ ಬೆಳಗ್ಗೆ ಹಾಸು ಏರಿಸಿದೆವು. ಅಪ್ಪ ಫೋನಿನ ಪರದೆಯಲ್ಲಿ ಇಡೀ ದಿನ ಕಾವಲಿದ್ದ. "ಎಡಗಡೆ ಮೂಲೆ ತೋರಿಸು. ಹತ್ರ. ಇನ್ನೂ ಹತ್ರ. ಲೈದುಲ್ಫ್, ಅಲ್ಲಿ ಸುಕ್ಕು ಬಿದ್ದಿದೆಯಲ್ಲೋ, ಕಣ್ಣೇನು ಮನೇಲಿ ಬಿಟ್ಟು ಬಂದ್ಯಾ?"

"ಬಿದ್ದ ಮೇಲೂ ಮುದುಕನ ಬಾಯಿ ಸುಮ್ಮನಾಗಿಲ್ಲ," ಅಂತ ಗೊಣಗುತ್ತಾ ಲೈದುಲ್ಫ್ ಆ ಮೂಲೆಯನ್ನು ಕಿತ್ತು ಮತ್ತೆ ಅಂಟಿಸಿದ.

ಶುಕ್ರವಾರ ಹೇಳಿದಂತೆಯೇ ಮಳೆ ಬಂತು, ಐದು ದಿನ ಬಿಡಲಿಲ್ಲ. ದಿನಕ್ಕೆ ಆರೇಳು ಸಲ ಕೋಣೆಗೆ ಹೋಗಿ ಗೋಡೆ ಸವರಿ ನೋಡುತ್ತಿದ್ದೆ. ಎಲ್ಲೂ ಒದ್ದೆ ಇರಲಿಲ್ಲ.

ಅಪ್ಪ ಬಂದ ದಿನ ಕಾಫಿ ಕೊಟ್ಟರೆ ಬೇಡ ಅಂದ. ಮೊದಲು ಮನೆಯ ಹಿಂಭಾಗಕ್ಕೆ ತಳ್ಳಿಕೊಂಡು ಹೋಗು ಅಂದ. ಒದ್ದೆ ಹುಲ್ಲಲ್ಲಿ ಕುರ್ಚಿಯ ಗಾಲಿ ಹೂತುಕೊಳ್ಳುತ್ತಿತ್ತು, ಇಬ್ಬರೂ ಏದುಸಿರು ಬಿಟ್ಟೆವು. ಅವನು ಕತ್ತೆತ್ತಿ ಸೂರಿನ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಅಂಚಿನ ಮಳೆನೀರಿನ ದೋಣಿ ಕಿರಿದಾಯ್ತು," ಅಂದ. "ಸೋಮವಾರ ಬರೋಕೆ ಹೇಳು ಆ ಲೈದುಲ್ಫ್‌ಗೆ."